ದೂರದ ಓಟದ ಜಮಾ-ಖರ್ಚು: ಬೂಟು, ನೀರು, ಬೆಲ್ಲ

ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್ ಓಟ. ಇದಕ್ಕೆ ತಯಾರಾಗುವವರು ವಾರದಲ್ಲಿ ಒಂದು ದಿನ ಉಳಿದ ದಿನಗಳಿಗಿಂತ ಹೆಚ್ಚು ದೂರ, ನಿಧಾನವಾಗಿ ಓಡುತ್ತಾರೆ. ಇದಕ್ಕೆ ‘ಲಾಂಗ್ ರನ್’ ಎನ್ನುತ್ತಾರೆ. ಮುಂಬೈ ಮ್ಯಾರಥಾನ್ 2004ರಲ್ಲಿ, ಬೆಂಗಳೂರಿನ 10 ಕಿ.ಮೀ. ಓಟ 2008ರಲ್ಲಿ ಶುರುವಾದವು. ಮುಂಬೈಯ ಪೂರ್ಣ ಮ್ಯಾರಥಾನ್‌ಗೆ 18 ವರ್ಷ ತುಂಬಿರಬೇಕು. ಆದ್ದರಿಂದ ಪಿಯುಸಿ ಓದುವ ನಮಗೆ ಸದ್ಯ 8ರಿಂದ 12 ಕಿ.ಮೀ. ಲಾಂಗ್ ರನ್ ಸಾಕು. ಆದರೆ ನಮ್ಮ ಊರುಗಳಲ್ಲಿ ಪೊಲೀಸ್ ಮತ್ತು ಸೈನ್ಯದ ಭರ್ತಿಗಾಗಿ ನಸುಕಿನಲ್ಲಿ ರಸ್ತೆ ಮೇಲೆ ಓಡುವ ಹುಡುಗರು ಬಹಳ. ಇದು ಅವರಿಗೂ ಉಪಯೋಗವಾಗುವ ವಿಷಯ.

ಓಡಲು ಬಹಳ ರೊಕ್ಕ ಬೇಕು, ದುಬಾರಿ ಬೂಟು, ಡಬ್ಬಿಯ ಪೌಡರ್ ಇಲ್ಲದೆ ಆಗುವುದಿಲ್ಲ ಎಂಬ ಮಾತು ಕೇಳುತ್ತೇವೆ. ನಿಜವಾಗಿ ರೊಕ್ಕ ಹಾಕಬೇಕಾದದ್ದು ಬೂಟಿಗೆ ಮಾತ್ರ. ಉಳಿದದ್ದೆಲ್ಲ ನಮ್ಮ ಅಡುಗೆಮನೆಯಲ್ಲೇ ಇದೆ. ಅದನ್ನು ಯಾವಾಗ, ಎಷ್ಟು ತೆಗೆದುಕೊಳ್ಳಬೇಕು ಎಂಬ ಲೆಕ್ಕ ಗೊತ್ತಿರಬೇಕು ಅಷ್ಟೆ.

ಬೂಟಿನ ಸವಕಳಿ

ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ ಓಡಿ ಗೆದ್ದರು. 1964ರಲ್ಲಿ ಟೋಕಿಯೋದಲ್ಲಿ ಬೂಟು ಹಾಕಿಕೊಂಡು ಮತ್ತೆ ಗೆದ್ದರು. ನಮ್ಮ ದೇಶದ ಶಿವನಾಥ್ ಸಿಂಗ್ ಕೂಡ ಬರಿಗಾಲ ಓಟಕ್ಕೆ ಹೆಸರಾದವರು. 1978ರಲ್ಲಿ ಜಲಂಧರ್‌ನಲ್ಲಿ ಅವರು ಮಾಡಿದ 2 ಗಂಟೆ 12 ನಿಮಿಷದ ರಾಷ್ಟ್ರೀಯ ದಾಖಲೆಯನ್ನು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಯಾರಿಗೂ ಮುರಿಯಲಾಗಲಿಲ್ಲ. ಹಾಗೆಂದು ನಾವು ಬರಿಗಾಲಲ್ಲಿ ಓಡಬೇಕಿಲ್ಲ. ಅವರ ಪಾದಗಳು ವರ್ಷಗಟ್ಟಲೆ ಹಾಗೆ ಪಳಗಿದ್ದವು. ನಮ್ಮ ಡಾಂಬರು ರಸ್ತೆಯಲ್ಲಿ ಗಾಜು, ಜಾಲಿಮುಳ್ಳು ಎರಡೂ ಇರುತ್ತವೆ.

ಓಟದ ಬೂಟಿನ ಅಡಿಯ ಮೆತ್ತೆ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳುತ್ತದೆ. ಲೆಕ್ಕಶಾಸ್ತ್ರದಲ್ಲಿ ಯಂತ್ರದ ಸವಕಳಿಯನ್ನು ವರ್ಷದ ಮೇಲೆ ಹಾಕುತ್ತೇವೆ. ಬೂಟಿನ ಸವಕಳಿಯನ್ನು ಕಿಲೋಮೀಟರ್ ಮೇಲೆ ಹಾಕಬೇಕು. ಉದಾಹರಣೆಗೆ 2,400 ರೂಪಾಯಿಯ ಬೂಟು 600 ಕಿ.ಮೀ. ಬಾಳಿದರೆ ಕಿ.ಮೀ.ಗೆ 4 ರೂಪಾಯಿ. 800 ರೂಪಾಯಿಯ ಬೂಟು 150 ಕಿ.ಮೀ.ಗೇ ಕಿತ್ತುಹೋದರೆ ಕಿ.ಮೀ.ಗೆ 5 ರೂಪಾಯಿ 33 ಪೈಸೆ. ಅಂದರೆ ಅಗ್ಗದ್ದೇ ತುಟ್ಟಿಯಾಯಿತು. ಇದರ ಮೇಲೆ ಮೊಣಕಾಲು ನೋವಿನ ಖರ್ಚು ಬೇರೆ. ಹೀಗಾಗಿ ಬೂಟು ಕೊಂಡ ತಾರೀಖು ಮತ್ತು ಓಡಿದ ದೂರವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು.

ಬೂಟನ್ನು ಸಂಜೆ ಹೊತ್ತು ಕೊಳ್ಳಬೇಕು, ಏಕೆಂದರೆ ದಿನವಿಡೀ ಓಡಾಡಿದ ಪಾದ ಸ್ವಲ್ಪ ಉಬ್ಬಿರುತ್ತದೆ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಉಳಿಯಬೇಕು. ಹೊಸ ಬೂಟನ್ನು ಮೊದಲ ದಿನವೇ ದೂರದ ಓಟಕ್ಕೆ ಹಾಕಬಾರದು. ನಮ್ಮದು ಎರೆಭೂಮಿ. ಮಳೆಯಲ್ಲಿ ಹೊಲದ ದಾರಿ ಹಿಡಿದರೆ ಬೂಟಿಗೆ ಸೇರುಗಟ್ಟಲೆ ಮಣ್ಣು ಅಂಟುತ್ತದೆ, ಬೇಸಿಗೆಯಲ್ಲಿ ಬಿರುಕಿನಲ್ಲಿ ಕಾಲು ಹೊರಳುತ್ತದೆ. ಎರಡೂ ಕಾಲದಲ್ಲಿ ಕಾಲೇಜಿನ ಮೈದಾನ ಅಥವಾ ವಾಹನ ಕಡಿಮೆ ಇರುವ ರಸ್ತೆಯೇ ಒಳ್ಳೆಯದು. ರಸ್ತೆಯಲ್ಲಿ ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಓಡಬೇಕು. ಕತ್ತಲಿದ್ದರೆ ಬಿಳಿ ಅಥವಾ ತಿಳಿ ಬಣ್ಣದ ಅಂಗಿ ಇರಲಿ.

ಹತ್ತಿ ಬಟ್ಟೆ ಬೆವರು ಕುಡಿದು ಭಾರವಾಗುತ್ತದೆ, ಚರ್ಮ ಉಜ್ಜುತ್ತದೆ. ತೆಳು ಪಾಲಿಯೆಸ್ಟರ್ ಜೆರ್ಸಿ, ಕಾಲುಚೀಲ ಬೇಗ ಒಣಗುತ್ತವೆ. ಉಜ್ಜುವ ಜಾಗಕ್ಕೆ ಸ್ವಲ್ಪ ವ್ಯಾಸಲೀನ್ ಹಚ್ಚಿದರೆ ಸಾಕು. ತುಂಬುತೋಳು, ಹಿಜಾಬ್ ಧರಿಸುವ ಅಕ್ಕತಂಗಿಯರಿಗೂ ಇದೇ ಮಾತು: ತೆಳುವಾದ, ಪಿನ್ ಬೇಡದ ಬಟ್ಟೆ ಆರಿಸಿಕೊಳ್ಳಿ. ಬಹ್ರೇನ್‌ನ ರುಕಯ್ಯಾ ಅಲ್ ಘಸ್ರಾ ತಲೆ, ಕೈಕಾಲು ಮುಚ್ಚಿದ ಉಡುಪಿನಲ್ಲೇ ಓಡಿ 2006ರ ದೋಹಾ ಏಷ್ಯನ್ ಕ್ರೀಡಾಕೂಟದ 200 ಮೀಟರ್‌ನಲ್ಲಿ ಚಿನ್ನ ಗೆದ್ದರು.

ಕೈಯಲ್ಲಿರುವ ನಗದು, ಬ್ಯಾಂಕಿನ ಠೇವಣಿ

ಓಡುವಾಗ ದೇಹ ಎರಡು ಖಾತೆಯಿಂದ ಖರ್ಚು ಮಾಡುತ್ತದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿರುವ ಸಕ್ಕರೆ ಅಂಶ ಕೈಯಲ್ಲಿರುವ ನಗದು. ಕೊಬ್ಬು ಬ್ಯಾಂಕಿನ ಠೇವಣಿ: ಬಹಳ ಇರುತ್ತದೆ, ಆದರೆ ಬೇಗ ಕೈಗೆ ಸಿಗುವುದಿಲ್ಲ. ವಯಸ್ಕ ಓಟಗಾರನಲ್ಲಿ ಗ್ಲೈಕೋಜನ್ ಸುಮಾರು 500 ಗ್ರಾಂ, ಅಂದರೆ ಸುಮಾರು 2,000 ಕ್ಯಾಲೊರಿ. 60 ಕೆ.ಜಿ. ತೂಕದವರು ಒಂದು ಕಿ.ಮೀ. ಓಡಿದರೆ ಸುಮಾರು 60 ಕ್ಯಾಲೊರಿ ಖರ್ಚು. ಭಾಗಿಸಿ ನೋಡಿದರೆ 33 ಬರುತ್ತದೆ. ಮ್ಯಾರಥಾನ್ ಓಡುವವರು 30 ಕಿ.ಮೀ. ದಾಟಿದ ಮೇಲೆ ಕಾಲೇ ಏಳುವುದಿಲ್ಲ ಎನ್ನುವುದು ಇದಕ್ಕೇ.

ಹಿಂದಿನ ರಾತ್ರಿ ಜೋಳದ ರೊಟ್ಟಿ, ತೊಗರಿಬೇಳೆ, ಅನ್ನ ಊಟ ಮಾಡಿದರೆ ನಗದು ತುಂಬಿರುತ್ತದೆ. ಬೆಳಿಗ್ಗೆ ಓಡುವ ಮೊದಲು ರೊಟ್ಟಿ ಬೇಡ, ಅದರ ನಾರು ಕರಗಲು ಹೊತ್ತು ಬೇಕು. ಅರ್ಧ ಗಂಟೆ ಮುಂಚೆ ಒಂದು ಬಾಳೆಹಣ್ಣು ಅಥವಾ ಎರಡು ಮೂರು ಖರ್ಜೂರ ಸಾಕು. ಒಂದು ಗಂಟೆಯೊಳಗಿನ ಓಟಕ್ಕೆ ನಡುವೆ ಏನೂ ತಿನ್ನಬೇಕಿಲ್ಲ. ಒಂದೂವರೆ ಗಂಟೆ ಮೀರಿದರೆ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಂಶ ಬೇಕು. ಅಂಗಡಿಯ ಎನರ್ಜಿ ಜೆಲ್‌ನ ಒಂದು ಪೊಟ್ಟಣದಲ್ಲಿ ಇರುವುದು ಸುಮಾರು 20ರಿಂದ 25 ಗ್ರಾಂ. ಒಂದು ಸಾಧಾರಣ ಬಾಳೆಹಣ್ಣಿನಲ್ಲೂ ಅಷ್ಟೇ ಇದೆ. ನಿಂಬೆಹಣ್ಣಿನ ಗಾತ್ರದ ಬೆಲ್ಲದಲ್ಲಿ ಅದಕ್ಕಿಂತ ಹೆಚ್ಚು. ಶೇಂಗಾ ಚಿಕ್ಕಿ ಒಳ್ಳೆಯದೇ, ಆದರೆ ಶೇಂಗಾದ ಎಣ್ಣೆ ನಿಧಾನವಾಗಿ ಕರಗುವುದರಿಂದ ಅದನ್ನು ಓಟ ಮುಗಿದ ಮೇಲೆ ತಿನ್ನಬೇಕು.

ನೀರು ಮತ್ತು ಉಪ್ಪು

ಇಲ್ಲಿ ತಪ್ಪಿದರೆ ಜೀವಕ್ಕೇ ಅಪಾಯ. ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಫಜರ್ ನಮಾಜ್ ಆದ ಕೂಡಲೇ ಹೊರಟು ಬಿಸಿಲೇರುವ ಮೊದಲು ಮನೆ ಸೇರಬೇಕು.

ಎಷ್ಟು ನೀರು ಬೇಕೆಂದು ತಿಳಿಯಲು ತಕ್ಕಡಿಯೇ ಸಾಕು. ಓಡುವ ಮುಂಚೆ 60 ಕೆ.ಜಿ., ಓಡಿದ ಮೇಲೆ 59.2 ಕೆ.ಜಿ., ನಡುವೆ ಕುಡಿದ ನೀರು ಅರ್ಧ ಲೀಟರ್ ಎಂದಿಟ್ಟುಕೊಳ್ಳಿ. ಹೋದ ಬೆವರು 0.8 ಮತ್ತು 0.5 ಸೇರಿ 1.3 ಲೀಟರ್. ಹೀಗೆ ಎರಡು ಮೂರು ಸಲ ನೋಡಿದರೆ ನಿಮ್ಮ ಲೆಕ್ಕ ನಿಮಗೆ ಸಿಗುತ್ತದೆ.

ಹೆದರಿ ಅತಿಯಾಗಿ ಕುಡಿಯುವುದೂ ಅಪಾಯ. ಬರೀ ನೀರು ವಿಪರೀತ ಕುಡಿದರೆ ರಕ್ತದ ಸೋಡಿಯಂ ಇಳಿಯುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತಪರೀಕ್ಷೆಗೆ ಒಳಗಾದ 488 ಓಟಗಾರರಲ್ಲಿ ನೂರಕ್ಕೆ 13 ಮಂದಿಯಲ್ಲಿ ಹೀಗಾಗಿತ್ತು. ಬಾಯಾರಿದಾಗ ಕುಡಿಯಿರಿ. ಓಟದ ನಂತರದ ತೂಕ ಮೊದಲಿನ ತೂಕಕ್ಕಿಂತ ಹೆಚ್ಚಾಗಬಾರದು.

ದೂರದ ಓಟಕ್ಕೆ ಓಆರ್‌ಎಸ್ ಅಗ್ಗದ ಮದ್ದು. 1971ರ ಬಾಂಗ್ಲಾ ಯುದ್ಧದ ವೇಳೆ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಸಕ್ಕರೆಯ ಇಂಥ ದ್ರಾವಣ ಕುಡಿಸಿ ಅನೇಕರ ಪ್ರಾಣ ಉಳಿಸಿದರು. ಸಕ್ಕರೆ ಜೊತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಬೇಗ ಹೀರಿಕೊಳ್ಳುತ್ತದೆ ಎಂಬುದೇ ಇದರ ಗುಟ್ಟು. ಮನೆಯಲ್ಲಿ ಮಾಡುವುದಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಚಮಚ ಸಕ್ಕರೆ, ಅರ್ಧ ಮಟ್ಟಚಮಚ ಉಪ್ಪು. ಇಲ್ಲಿ ಚಮಚ ಎಂದರೆ ಚಹಾದ ಚಮಚ. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಓಟ ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆಯೂ ಒಳ್ಳೆಯದು.

ರಂಜಾನ್ ತಿಂಗಳಲ್ಲಿ ಲಾಂಗ್ ರನ್ ನಿಲ್ಲಿಸುವುದೇ ಸರಿ. ರೋಜಾ ಇರುವವರು ಹಗಲು ನೀರಿಲ್ಲದೆ ಬೆವರು ಸುರಿಸಬಾರದು. ಇಫ್ತಾರ್ ಆಗಿ ಒಂದೆರಡು ಗಂಟೆಯ ಮೇಲೆ 20-30 ನಿಮಿಷ ನಿಧಾನವಾಗಿ ಓಡಿದರೆ ಅಭ್ಯಾಸ ಕೈತಪ್ಪುವುದಿಲ್ಲ. ಈದ್ ಕಳೆದ ಮೇಲೆ ದೂರವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿಕೊಳ್ಳಬಹುದು.

ಕೊನೆಯದಾಗಿ ಎಲ್ಲರೂ ನೆನಪಿಡಬೇಕಾದ ಮಾತು. ಬಿಸಿಲಲ್ಲಿ ಓಡುವ ಗೆಳೆಯ ತೊದಲಿದರೆ, ತೂರಾಡಿದರೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡದಿದ್ದರೆ ಅದನ್ನು ಬರೀ ಸುಸ್ತು ಎಂದು ಬಿಡಬೇಡಿ. ಕೂಡಲೇ ನೆರಳಿಗೆ ಕರೆತನ್ನಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಆದ್ದರಿಂದ ದೂರದ ಓಟಕ್ಕೆ ಒಬ್ಬರೇ ಹೋಗದೆ ಇಬ್ಬರಾದರೂ ಕೂಡಿ ಹೋಗಿ, ಯಾವ ದಾರಿ ಎಂದು ಮನೆಯಲ್ಲಿ ಹೇಳಿ ಹೋಗಿ.