ಗಿಡ್ಡ ದನ ಗಿಡ್ಡ ಏಕೆ?

ನಮ್ಮ ಕಾಸರಗೋಡು ಗಿಡ್ಡ ದನಗಳ ಎತ್ತರ ಒಂದು ಮೀಟರಿನ ಆಸುಪಾಸು. ಹೊಟ್ಟೆಗಿಲ್ಲದೆ ಮುರುಟಿದ ಜಾತಿ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಎಷ್ಟು ಹಿಂಡಿ ಹಾಕಿದರೂ ಅದು ಜರ್ಸಿಯಷ್ಟು ಬೆಳೆಯದು. ಆ ಗಾತ್ರ ವಂಶದಿಂದಲೇ ಬಂದದ್ದು; ಅದರ ಹಿಂದೆ ಮೇವು ಮತ್ತು ಶಾಖದ ಲೆಕ್ಕವಿದೆ.

ದನದ ದೇಹ ಬಳಸಿದ ಶಕ್ತಿಯಲ್ಲಿ ಸ್ವಲ್ಪ ಪಾಲು ಹಾಲಾಗುತ್ತದೆ, ಬಹುಪಾಲು ಶಾಖವಾಗುತ್ತದೆ. ಉಷ್ಣಶಾಸ್ತ್ರದ ಈ ನಿಯಮದಿಂದ ಯಾವ ಜೀವಿಗೂ ವಿನಾಯಿತಿ ಇಲ್ಲ. ಆ ಶಾಖ ಚರ್ಮದಿಂದ, ಉಸಿರಿನಿಂದ ಹೊರಹೋಗಲೇಬೇಕು. ಒಂದೇ ಆಕಾರದ ದನ ಎರಡು ಪಟ್ಟು ಎತ್ತರವಾದರೆ ಚರ್ಮ ನಾಲ್ಕು ಪಟ್ಟು, ತೂಕ ಎಂಟು ಪಟ್ಟು. ಬಟ್ಟಲಿನ ಗಂಜಿ ಬೇಗ ಆರುತ್ತದೆ, ಹಂಡೆಯದು ಆರದು.

ಸ್ವಿಟ್ಜರ್‌ಲೆಂಡ್ ಮೂಲದ ವಿಜ್ಞಾನಿ ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ತೂಕ ನಾಲ್ಕು ಪಟ್ಟಾದರೆ ಬದುಕಲು ಬೇಕಾದ ಶಕ್ತಿ ಸುಮಾರು 2.8 ಪಟ್ಟು ಮಾತ್ರ. ಹಾಗಾದರೆ ದೊಡ್ಡ ದನವೇ ಲಾಭವಲ್ಲವೇ? ಕಿಲೋ ಲೆಕ್ಕದಲ್ಲಿ ಹೌದು. ಆದರೆ ಮುರಕಲ್ಲಿನ ಗುಡ್ಡೆಯಲ್ಲಿ ಮಾರ್ಚಿನಿಂದ ಮಳೆ ಬರುವ ತನಕ ಸಿಗುವುದು ಒಣ ಹುಲ್ಲು. ಅಲ್ಲಿ ಒಂದು ದನಕ್ಕೆ ಒಟ್ಟು ಎಷ್ಟು ಬೇಕು ಎಂಬುದೇ ಮುಖ್ಯ. ಅಷ್ಟರಲ್ಲೇ ಬದುಕಿ ಗಬ್ಬ ನಿಂತ ದನಗಳ ಕರುಗಳು ಉಳಿದವು; ತಲೆಮಾರುಗಳು ಕಳೆದಂತೆ ತಳಿಯೇ ಗಿಡ್ಡವಾಯಿತು.

1963ರಲ್ಲಿ ಇಂಡೋ-ಸ್ವಿಸ್ ಯೋಜನೆಯಡಿ ಮಾಟ್ಟುಪೆಟ್ಟಿಗೆ ಬ್ರೌನ್ ಸ್ವಿಸ್ ಹೋರಿಗಳು ಬಂದವು. ಸಂಕರ ತಳಿಯಿಂದ ಕೇರಳದಲ್ಲಿ ಹಾಲು ಹೆಚ್ಚಿತು, ಸುಳ್ಳಲ್ಲ. ಗಿಡ್ಡ ದನದ ಒಂದೆರಡು ಲೀಟರ್ ಹಾಲನ್ನು ಸೊಸೈಟಿಗೆ ಹಾಕಿ ಸಂಸಾರ ನಡೆಸಲಾಗದು. ಆದರೆ ಹಾಲು ಹೆಚ್ಚಿದಷ್ಟೂ ಒಳಗಿನ ಶಾಖವೂ ಹೆಚ್ಚು. ಒಂದು ಲೀಟರ್ ಬೆವರು ಆರುವಾಗ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಅದು ಸುಲಭವಾಗಿ ಆರುವುದಿಲ್ಲ. ಆಗ ದನ ಬಾಯಿ ತೆರೆದು ಏದುತ್ತದೆ, ಮೇವು ಬಿಡುತ್ತದೆ. ಮೇವು ಕರಗುವಾಗಲೂ ಶಾಖ ಹುಟ್ಟುವುದರಿಂದ, ಅದು ಒಲೆಯಿಂದ ಕಟ್ಟಿಗೆ ಹಿಂದೆಗೆದಂತೆ.

ಆದುದರಿಂದ ಸಂಕರ ದನ ಸಾಕುವವರು ಬೇಸಗೆಯಲ್ಲಿ ಮೇವನ್ನು ಮುಂಜಾನೆ ಮತ್ತು ಸಂಜೆಯ ತಂಪಿನಲ್ಲಿ ಹಾಕಿರಿ. ಕುಡಿಯುವ ನೀರು ಸದಾ ಎದುರಿಗಿರಲಿ. ತಗಡಿನ ಮಾಡಿನ ಮೇಲೆ ತೆಂಗಿನ ಮಡಲು ಹಾಸಿರಿ. ಮೈಗೆ ನೀರು ಹೊಯ್ದು ಗಾಳಿಯಾಡದ ಹಟ್ಟಿಯಲ್ಲಿ ಕಟ್ಟಿದರೆ ಸೆಕೆ ಇನ್ನೂ ಹೆಚ್ಚುತ್ತದೆ. ಮೊದಲು ಗೋಡೆಯ ಮೇಲ್ಭಾಗವನ್ನು ಬಿಡಿಸಿ ಗಾಳಿಗೆ ದಾರಿ ಮಾಡಿರಿ. ಏದುಸಿರಿನೊಡನೆ ಜೊಲ್ಲು ಸುರಿಸುತ್ತಾ ತತ್ತರಿಸಿದರೆ ತಡಮಾಡದೆ ಪಶುವೈದ್ಯರಿಗೆ ತಿಳಿಸಿರಿ.