ಕೂಸಿನ ಕಣ್ಣು ಮಂಜಾದರೆ ಮೊದಲು ಒತ್ತಡ ನೋಡಿಸಿ

ಪ್ರಶ್ನೆ: ಮಗನಿಗೆ ನಾಲ್ಕು ತಿಂಗಳು. ಹುಟ್ಟಿದಾಗ ಕಣ್ಣು ದೊಡ್ಡದಾಗಿ ಚೆಂದ ಇವೆ ಎಂದು ಎಲ್ಲರೂ ಹೇಳಿದರು. ಈಗ ಕರಿಗುಡ್ಡೆಯ ಮೇಲೆ ಬೂದು ಮಂಜು ಕವಿದಿದೆ. ಅಂಗಳಕ್ಕೆ ತಂದರೆ ಕಣ್ಣು ಬಿಗಿಯಾಗಿ ಮುಚ್ಚುತ್ತಾನೆ, ಸದಾ ನೀರು. ಎದೆಹಾಲು ಬಿಡುತ್ತಿದ್ದೇವೆ. "ಹೂ ಬಿದ್ದೈತಿ, ದೊಡ್ಡವನಾದ ಮ್ಯಾಲೆ ಆಪರೇಷನ್ ಮಾಡಿಸಿದ್ರಾತು" ಎನ್ನುತ್ತಾರೆ ಅತ್ತೆ. ಕಾಯಬಹುದೇ?
– ಒಬ್ಬ ತಾಯಿ, ದೇವದುರ್ಗ

ಉತ್ತರ: ಕಾಯಬೇಡಿ ತಾಯಿ. ಇದನ್ನು ಓದಿದ ಮರುದಿನವೇ ರಾಯಚೂರಿನ ರಿಮ್ಸ್ ಕಣ್ಣಿನ ವಿಭಾಗಕ್ಕೆ ಮಗುವನ್ನು ಕರೆದೊಯ್ಯಿರಿ. ಎದೆಹಾಲು, ಹರಳೆಣ್ಣೆ ಏನನ್ನೂ ಕಣ್ಣಿಗೆ ಬಿಡಬೇಡಿ. ದೊಡ್ಡ ಕಣ್ಣು, ಮಂಜು, ನೀರು, ಬೆಳಕಿಗೆ ಅಂಜಿಕೆ ಕೂಡಿ ಬಂದರೆ ನಾವು ಮೊದಲು ಶಂಕಿಸುವುದು ಹುಟ್ಟಿನಿಂದ ಬಂದ ಗ್ಲಾಕೋಮಾವನ್ನು. ಕಣ್ಣೊಳಗಿನ ದ್ರವ ಹೊರಹರಿಯುವ ದಾರಿ ಸರಿಯಾಗಿ ಬೆಳೆಯದೆ ಒತ್ತಡ ಏರುತ್ತದೆ. ಕೂಸಿನ ಕಣ್ಣಿನ ಗೋಡೆ ಮೆತ್ತಗಿರುವುದರಿಂದ ಕಣ್ಣೇ ಹಿಗ್ಗುತ್ತದೆ. ಹುಟ್ಟಿದಾಗ ಕಣ್ಣಿನ ಮುಂದಿನ ತಿಳಿ ಪದರವಾದ ಕಾರ್ನಿಯಾ ಸುಮಾರು 10 ಮಿ.ಮೀ. ಅಗಲ, ವರ್ಷ ತುಂಬುವ ಮೊದಲೇ 12 ದಾಟಿದರೆ ನಮಗೆ ಆತಂಕ. ಹಿಗ್ಗಿದ ಕಾರ್ನಿಯಾದೊಳಗೆ ನೀರು ಸೇರಿ ಮಂಜಾಗುತ್ತದೆ. ಮಂಜು ಎಲ್ಲರಿಗೂ ಕಾಣುತ್ತದೆ, ಹಿಂದೆ ದೃಷ್ಟಿನರ ಸಾಯುತ್ತಿರುವುದು ಕಾಣುವುದಿಲ್ಲ. ಸತ್ತ ನರ ಯಾವ ಶಸ್ತ್ರಚಿಕಿತ್ಸೆಯಿಂದಲೂ ಮರಳದು.

ಹನಿಗಳಿಂದ ಇದು ವಾಸಿಯಾಗದು. ಆಪರೇಷನ್ ಆಗುವವರೆಗೆ ಒತ್ತಡ ತಡೆಹಿಡಿಯಲಷ್ಟೇ ಅವು. ಮನೆಯಲ್ಲಿ ಅಜ್ಜನ ಗ್ಲಾಕೋಮಾ ಹನಿ ಇದ್ದರೂ ಮಗುವಿಗೆ ಹಾಕಲೇಬೇಡಿ. ಅವುಗಳಲ್ಲೊಂದಾದ ಬ್ರಿಮೊನಿಡಿನ್ ಎರಡು ವರ್ಷದೊಳಗಿನ ಮಕ್ಕಳ ಉಸಿರಾಟವನ್ನೇ ಕುಗ್ಗಿಸಬಲ್ಲದು.

ಅರಿವಳಿಕೆ ಕೊಟ್ಟು ಕಣ್ಣನ್ನು ಅಳೆಯುತ್ತಾರೆ, ಸಾಮಾನ್ಯವಾಗಿ ಅದೇ ಅರಿವಳಿಕೆಯಲ್ಲಿ ಆಪರೇಷನ್ನೂ ಮುಗಿಯುತ್ತದೆ. ಕಾರ್ನಿಯಾ ತಿಳಿಯಾಗಿದ್ದರೆ ಒಳಗಿನಿಂದಲೇ ದಾರಿ ಬಿಡಿಸುವ ಗೋನಿಯಾಟಮಿ ಸಾಧ್ಯ. ನಿಮ್ಮ ಮಗನಂತೆ ಮಂಜಾಗಿದ್ದರೆ ಒಳಗೆ ಕಾಣದು; ಹೊರಗಿನಿಂದ ಟ್ರಾಬೆಕ್ಯುಲಾಟಮಿ ಮಾಡಬೇಕು. ನಮ್ಮಲ್ಲಿ ಮಕ್ಕಳು ಬರುವುದೇ ತಡವಾದ್ದರಿಂದ ದ್ರವಕ್ಕೆ ಹೊಸ ದಾರಿ ಮಾಡುವ ಟ್ರಾಬೆಕ್ಯುಲೆಕ್ಟಮಿಯನ್ನೂ ಎಷ್ಟೋ ಸಲ ಜೊತೆಗೇ ಮಾಡುತ್ತಾರೆ. ಒತ್ತಡ ಇಳಿದರೆ ಅನೇಕ ಮಕ್ಕಳಲ್ಲಿ ಮಂಜು ತಾನಾಗಿ ತಿಳಿಯಾಗುತ್ತದೆ. ಆಮೇಲೆ ಕನ್ನಡಕ ಬೇಕಾಗಬಹುದು, ತಪಾಸಣೆ ಜೀವನಪರ್ಯಂತ.

ಇದು ಎಲ್ಲ ಆಸ್ಪತ್ರೆಗಳಲ್ಲೂ ಆಗುವ ಕೆಲಸವಲ್ಲ. ರಿಮ್ಸ್‌ನವರು ಮುಂದಕ್ಕೆ ಬರೆದುಕೊಟ್ಟರೆ ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆ ನಿಮಗೆ ಬೆಂಗಳೂರಿಗಿಂತ ಹತ್ತಿರ.

ಪ್ರಶ್ನೆ: ಆರು ವರ್ಷದ ಮಗಳ ಕಣ್ಣಿಗೆ ಹತ್ತಿ ಕಡ್ಡಿ ಬಡಿದು ಹುಣ್ಣಾಗಿತ್ತು. ಈಗ ಬಿಳಿ ಕಲೆ ಉಳಿದಿದೆ. ಬೇರೆಯವರ ಕಣ್ಣು ಹಾಕಿಸಬಹುದೇ?
– ಒಬ್ಬ ತಂದೆ, ಮಾನ್ವಿ

ಉತ್ತರ: ಹಾಕುವುದು ಕಾರ್ನಿಯಾ ಮಾತ್ರ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳ ಪದರ ಬಿಡಿಸಿ ನಾಲ್ವರಿಗೆ ಜೋಡಿಸಿದ್ದು ನಿಮಗೆ ನೆನಪಿರಬಹುದು. ಆದರೆ ಮಕ್ಕಳ ದೇಹ ಕಸಿಯನ್ನು ತಿರಸ್ಕರಿಸುವುದು ದೊಡ್ಡವರಿಗಿಂತ ಹೆಚ್ಚು. ಕಲೆ ಪಾಪೆಗೆ ಅಡ್ಡವಿಲ್ಲದಿದ್ದರೆ ಕನ್ನಡಕ ಸಾಕಾಗಬಹುದು. ಜೊತೆಗೆ ಒಳ್ಳೆಯ ಕಣ್ಣಿಗೆ ದಿನದಲ್ಲಿ ಕೆಲಹೊತ್ತು ಪಟ್ಟಿ ಕಟ್ಟಿ, ಕಲೆಯಿಂದ ಸೋಮಾರಿಯಾದ ಕಣ್ಣಿಗೆ ಕೆಲಸ ಕೊಡಬೇಕು. ಈ ವಯಸ್ಸು ದಾಟಿದಷ್ಟೂ ಅದರ ಫಲ ಕಡಿಮೆ, ಬೇಗ ತೋರಿಸಿ. ಹುಣ್ಣಿಗೆ ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಹನಿ ತಂದು ಹಾಕಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ. ಅದರಿಂದಲೂ ಒತ್ತಡ ಏರುತ್ತದೆ. ಅದನ್ನು ಅಳೆಯದೆ ಕಸಿಯ ಮಾತು ಬೇಡ.

ಪ್ರಶ್ನೆ: ನಮ್ಮದು ಸೋದರಮಾವನ ಸಂಬಂಧ. ಮೊದಲ ಮಗುವಿಗೆ ಗ್ಲಾಕೋಮಾ ಆಪರೇಷನ್ ಆಗಿದೆ. ಎರಡನೆಯದಕ್ಕೂ ಬರುತ್ತದೆಯೇ?
– ಓದುಗರು, ರಾಯಚೂರು

ಉತ್ತರ: ಇಬ್ಬರಲ್ಲೂ ಅದೇ ದೋಷದ ವಂಶವಾಹಿ ಇದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ರಕ್ತಸಂಬಂಧದ ಮದುವೆಗಳಲ್ಲಿ ಇದು ಹೆಚ್ಚು. ಪಕ್ಕದ ಆಂಧ್ರದಲ್ಲಿ ಸುಮಾರು 3,300 ಹೆರಿಗೆಗೆ ಒಂದು ಎಂದು ಅಧ್ಯಯನ ಅಂದಾಜಿಸಿತ್ತು. ಪಶ್ಚಿಮದ ದೇಶಗಳಲ್ಲಿ ಅದು 10,000ಕ್ಕೆ ಒಂದರ ಆಸುಪಾಸು. ಇದಕ್ಕೆ ತಾಯಿಯನ್ನು ದೂರುವುದು ಅನ್ಯಾಯ. ಬಸಿರಿಗೆ ಮುನ್ನ ವಂಶವಾಹಿ ಸಲಹೆ ಪಡೆಯಿರಿ, ಹುಟ್ಟಿದ ಮೊದಲ ವಾರದಲ್ಲೇ ಕೂಸಿನ ಕಣ್ಣನ್ನು ನೇತ್ರತಜ್ಞರಿಗೆ ತೋರಿಸಿ.