ಪಡಿತರ ಚೀಟಿ ರದ್ದಾದಾಗ
ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಕಬ್ಬು ಕಟಾವಿನ ಹಂಗಾಮು ಮುಗಿದ ಮೇಲೆ ಕೂಲಿಕಾರರ ಮನೆಗೆ ಪಡಿತರವೇ ದೊಡ್ಡ ಆಧಾರ. ಚೀಟಿ ರದ್ದಾದ ಸಂಗತಿ ನ್ಯಾಯಬೆಲೆ ಅಂಗಡಿಗೆ ಹೋದಾಗಲೇ ತಿಳಿಯುವುದಾದರೆ ಅದು ಸರಿಯಾದ ಕ್ರಮವಲ್ಲ. ಸರಕಾರವು ಒಬ್ಬರ ಹಕ್ಕಿಗೆ ಕೈಹಾಕುವಾಗ ಅವರ ಅಹವಾಲು ಕೇಳಬೇಕೆಂಬ ತತ್ವವನ್ನು ಸುಪ್ರೀಂ ಕೋರ್ಟು 1978ರಲ್ಲಿ, ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಪ್ರಕರಣದಲ್ಲಿ, ಎತ್ತಿಹಿಡಿದಿದೆ. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಅರ್ಹರ ಚೀಟಿಗಳೂ ರದ್ದಾಗಿ, ಕೂಗೆದ್ದ ಮೇಲೆ ಸರಕಾರ ಅವನ್ನು ಮರಳಿ ಕೊಡಲು ಮುಂದಾಯಿತು.

ಅಂಥ ಕೂಗಿಗಾಗಿ ಕಾಯಬೇಕಾಗಿಲ್ಲ. ತಹಶೀಲ್ದಾರರ ಕಚೇರಿಯ ಆಹಾರ ಶಾಖೆಗೆ ಅರ್ಜಿ ಕೊಟ್ಟು, ರದ್ದಿಗೆ ಕಾರಣವನ್ನು ಬರಹದಲ್ಲಿ ಕೇಳಬೇಕು. ಸ್ವೀಕೃತಿ ಪಡೆಯಲು ಮರೆಯಬಾರದು. ಬಾಯಿಮಾತಿನ ದೂರಿಗೆ ದಾಖಲೆ ಉಳಿಯುವುದಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ ದೂರು ಸಲ್ಲಿಸಬಹುದು. ಅಲ್ಲಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ ಉಂಟು.